ಮೊದಲು ಯಾರು ಮುಟ್ಟಿದ್ದು ಹೇಳಿ

ಆ ಗ್ಯಾರೇಜಿಗೆ ಹೊಸದಾಗಿ ಬಂದವರು ಬೆಚ್ಚಿಬೀಳುವುದು ಮಾಮೂಲಿಯಾಗಿತ್ತು. ಗಾಡಿಯ ಕೆಳಗಿನಿಂದ ಜಾರಿಕೊಂಡು ಹೊರಬರುವ ಮೆಕ್ಯಾನಿಕ್ ಹೆಂಗಸು ಅಂತ ಕಂಡು ಒಮ್ಮೆ ಬೆಚ್ಚುವರು; ಆ ಹೆಂಗಸು ಬಾಯಿ ತೆರೆದ ಮೇಲೆ ಇನ್ನೊಮ್ಮೆ. ಎದುರಿಗೆ ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಿದ್ದರು, ತಲೆ ನೆರೆತ ಗಂಡಸರು ಕೂಡ. ಬೆನ್ನ ಹಿಂದೆ ಕುಕ್ಕರ್ ಅನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. "ಅನ್ಲಿ ಬಿಡಿ. ಕೂಗೋ ಕುಕ್ಕರಿಗೆ ಯಾರೂ ಹೆದರಬೇಕಾಗಿಲ್ಲ. ಕೂಗದೇ ಇರೋದು ಮನೇಲಿದ್ರೆ ಅದನ್ನ ಮೊದಲು ಹೊರಗೆ ಎಸೀರಿ, ಸಿಡಿಯೋದು ಅದೇ" ಅಂತ ಹೇಳಿ ಮತ್ತೆ ಗಾಡಿಯ ಕೆಳಗೆ ಹೋಗಿಬಿಡುತ್ತಿದ್ದಳು.

ಕೋಪ ಅವಳಿಗೆ ಮೂಗಿನ ತುದಿಯಲ್ಲೇ ಇತ್ತು, ನಿಜ. ಆದರೆ ಆ ಕೋಪಕ್ಕೆ ಕಾರಣ ಇರಲಿಲ್ಲ ಅನ್ನುವ ಹಾಗಿರಲಿಲ್ಲ. ವೈದ್ಯರ ಹತ್ತಿರ, ವಕೀಲರ ಹತ್ತಿರ ಸುಳ್ಳು ಹೇಳಬಾರದು ಅಂತ ಊರಿಗೆಲ್ಲ ಗೊತ್ತು. ಮೆಕ್ಯಾನಿಕ್ ಹತ್ತಿರ ಹೇಳಬಾರದು ಅಂತ ಮಾತ್ರ ಯಾರೂ ಯಾರಿಗೂ ಕಲಿಸಿಲ್ಲ. ಬಾನೆಟ್ ಎತ್ತುವ ಮುಂಚೆ ಅವಳು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಮೊದಲು ಯಾರು ಮುಟ್ಟಿದ್ದು ಹೇಳಿ." ಎದುರಿಗಿದ್ದವರು ತಕ್ಷಣ ಹೆಗಲು ಮುಟ್ಟಿ ನೋಡಿಕೊಳ್ಳುವರು. ಯಾರೂ ಮುಟ್ಟಿಲ್ಲ, ತಾನಾಗೇ ಹೀಗಾಯ್ತು ಅನ್ನುವರು. ಬಿಚ್ಚಿ ನೋಡಿದರೆ ಒಳಗೆ ಸೋರುವ ಜಾಗಕ್ಕೆ ಸೋಪು ಮೆತ್ತಿರುತ್ತದೆ. ಒಬ್ಬ ಮಹಾನುಭಾವ ಫೋನಿನಲ್ಲಿ ವಿಡಿಯೋ ನೋಡಿಕೊಂಡು ಮನೆಯಂಗಳದಲ್ಲಿ ಇಂಜಿನ್ ಬಿಚ್ಚಿ, ಮತ್ತೆ ಜೋಡಿಸಿ, ಮಿಕ್ಕ ಬೋಲ್ಟುಗಳನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದ. "ಇವು ಜಾಸ್ತಿ ಆದ್ವು ಅಕ್ಕ" ಅಂದಿದ್ದ, ಏನೋ ಉಳಿತಾಯ ಮಾಡಿದವನ ಹಾಗೆ. ಅವನಿಗೆ ಅವತ್ತು ಬಿದ್ದ ಬೈಗುಳ ಪಕ್ಕದ ಹಿಟ್ಟಿನ ಗಿರಣಿಯ ಸದ್ದಿನಲ್ಲೂ ಕೇಳಿಸಿತ್ತಂತೆ.

ಗ್ಯಾರೇಜು ಅವಳಪ್ಪನದು. ಕೋಪವೂ ಅವನದೇ. ಅವನು ಕಲಿಸಿದ್ದು ಮಾತಿನಿಂದ ಕಡಿಮೆ, ಬೈಗುಳದಿಂದ ಜಾಸ್ತಿ. "ಯಾವ ಕತ್ತೆ ಮಾಡಿದ ಕೆಲಸ ಇದು?" ಅಂತ ಅವನು ಕೇಳಿದರೆ ಗ್ಯಾರೇಜಿನಲ್ಲಿದ್ದವರೆಲ್ಲ ತಮ್ಮ ತಮ್ಮ ಕೈ ನೋಡಿಕೊಳ್ಳುತ್ತಿದ್ದರು. ಅವನು ಮಾಡಿ ಕಳಿಸಿದ ಗಾಡಿ ಅದೇ ರೋಗಕ್ಕೆ ವಾಪಸ್ ಬಂದದ್ದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಮಂಡಿ ಹಿಡಿದುಕೊಂಡ ಮೇಲೆ ಒಂದು ದಿನ ಕೀ ಗೊಂಚಲನ್ನು ಅವಳ ಕಡೆ ಎಸೆದು, "ಹಾಳು ಮಾಡಬೇಡ" ಅಂದು ಮನೆಗೆ ಹೋದ. ಆಶೀರ್ವಾದ ಅಂದರೆ ಅಷ್ಟೆ. ಆಮೇಲೆ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಕೂತು, ಅಕ್ಕಪಕ್ಕದವರ ಗಾಡಿಗೆ ಸಣ್ಣಪುಟ್ಟದ್ದು ನೋಡುತ್ತಾನೆ ಅಂತ ಅಮ್ಮ ಹೇಳುತ್ತಿದ್ದಳು. ಇವಳು ರಜೆಯ ದಿನ ಹೋಗಿ ಟೀ ಕುಡಿದು ಬರುತ್ತಿದ್ದಳು. ಹೇಗಿದಾನೆ ಅಂತ ಕೇಳಿದರೆ, "ಆರಾಮಾಗಿದಾರೆ ಕಣೇ" ಅಂತ ಅಮ್ಮ. ಇವಳು ನಂಬುತ್ತಿದ್ದಳು.

ಹೀಗಿರುವಾಗ ತಮ್ಮನ ಗಾಡಿ ಹೊಗೆಯಾಡಿಕೊಂಡು ಗ್ಯಾರೇಜಿಗೆ ಬಂತು. ತಮ್ಮ ಕನ್ನಡಕದ ಅಂಗಡಿ ಇಟ್ಟವನು. ಬೆಳಿಗ್ಗೆ ತನ್ನ ಎರಡು ಹೆಣ್ಣುಮಕ್ಕಳನ್ನು ಶಾಲೆಗೆ ಬಿಟ್ಟು ಅಂಗಡಿಗೆ ಹೋಗುವುದು ಅದರಲ್ಲೇ. ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಳ್ಳು ಕೆಂಪಿಗೆ ಏರುತ್ತಿತ್ತು, ನೀರಿನ ಡಬ್ಬಿ ಕೊತಕೊತ ಕುದಿಯುತ್ತಿತ್ತು.

"ಯಾರು ಮುಟ್ಟಿದ್ದು?"

"ಯಾರೂ ಇಲ್ಲಕ್ಕ. ದಾರೀಲಿ ಯಾರೋ ಸ್ವಲ್ಪ ನೀರು ಹಾಕಿದ್ರು, ಅಷ್ಟೆ."

"ಯಾರೋ ಅಂದ್ರೆ?"

"ಯಾರೋ ಅಂದ್ರೆ... ಯಾರೋ."

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ತಮ್ಮ ಚಿಕ್ಕಂದಿನಿಂದ ಗಟ್ಟಿಗ. ಒಡಹುಟ್ಟಿದವನು ತನ್ನ ಹತ್ತಿರ ಯಾಕೆ ಸುಳ್ಳು ಹೇಳುತ್ತಾನೆ ಅಂದುಕೊಂಡು ಅವಳು ಬಾನೆಟ್ ಎತ್ತಿದಳು. "ಇನ್ನೊಂದೆರಡು ಸಲ ಹೀಗೆ ಕುದಿದ್ರೆ ಇಂಜಿನ್ ತಲೆ ಸೊಟ್ಟಗಾಗುತ್ತೆ. ಆಮೇಲೆ ಇದನ್ನ ಗುಜರಿಗೆ ಕೊಟ್ಟು ನಡ್ಕೊಂಡು ಹೋಗು" ಅಂದಳು.

ಮೇಲಿನ ಪೈಪು ಮುಟ್ಟಿದರೆ ಕೈ ಸುಡುತ್ತಿತ್ತು. ಕೆಳಗಿನ ಪೈಪು ತಣ್ಣಗಿತ್ತು. ಅಂದರೆ ಇಂಜಿನ್ನಿನ ಬಿಸಿನೀರು ರೇಡಿಯೇಟರಿಗೆ ಹೋಗಿ ತಣ್ಣಗಾಗಿ ಮರಳಿ ಬರುತ್ತಿಲ್ಲ, ಎಲ್ಲೋ ದಾರಿ ಕಟ್ಟಿದೆ. ಮೊದಲು ಥರ್ಮೋಸ್ಟಾಟ್ ಬಿಚ್ಚಿದಳು. ಇಂಜಿನ್ ಬಿಸಿಯಾದ ಮೇಲೆ ನೀರಿಗೆ ದಾರಿ ಬಿಡುವ ಪುಟ್ಟ ಬಾಗಿಲು ಅದು. ಟೀ ಕಾಯಿಸುವ ಪಾತ್ರೆಯ ಕುದಿನೀರಿಗೆ ಹಾಕಿದರೆ ಜಾಣ ಮಗುವಿನ ಹಾಗೆ ಬಾಯಿ ತೆರೆಯಿತು. ಆದರೂ ಇರಲಿ ಅಂತ ಹೊಸದು ಹಾಕಿದಳು. ಗಾಡಿ ಮತ್ತೆ ಕುದಿಯಿತು. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆಯೋ ಅಂತ ಗಾಳಿ ಬಿಡಿಸಿದಳು. ಕುದಿಯಿತು. ಗ್ಯಾಸ್ಕೆಟ್ ಹೋಗಿದೆಯೋ ಅಂತ ಆಯಿಲ್ ಕಡ್ಡಿ ಎಳೆದು ನೋಡಿದಳು. ಆಯಿಲಿಗೆ ನೀರು ಸೇರಿರಲಿಲ್ಲ. ಕೊನೆಗೆ ರೇಡಿಯೇಟರನ್ನೇ ಇಳಿಸಿ, ಒಂದು ಬಾಯಿಂದ ನೀರು ಬಿಟ್ಟರೆ ಇನ್ನೊಂದು ಬಾಯಿಂದ ಧಾರಾಕಾರವಾಗಿ ಬಂತು. ಮತ್ತೆ ಕೂರಿಸಿ ಓಡಿಸಿದರೆ ಮತ್ತೆ ಅದೇ ಕುದಿತ.

ಒಂದು ಗಾಡಿ ಇಷ್ಟು ಹೊತ್ತು ಅವಳ ಮುಂದೆ ಬಾಯಿಬಿಡದೆ ಕೂತದ್ದು ಇದೇ ಮೊದಲು. ಮೈಯೆಲ್ಲ ಉರಿಯತೊಡಗಿತು. ಬೇರೆ ಗಾಡಿಗಳು ಸಾಲಾಗಿ ನಿಂತಿದ್ದವು, ಅವುಗಳ ಮಾಲೀಕರು ಇಣುಕಿ ಹೋಗುತ್ತಿದ್ದರು. ಒಬ್ಬ, "ಅಕ್ಕನಿಗೇ ಸಿಕ್ಕಿಲ್ಲ ಅಂದ್ರೆ ಇಂಜಿನ್ನೇ ಬದಲಾಯಿಸ್ಬೇಕೇನೋ" ಅಂದ. "ನಿಮ್ಮ ನಾಲಿಗೆ ಬದಲಾಯಿಸ್ಬೇಕು" ಅಂದಳು ಅಕ್ಕ. 

ಉಳಿದದ್ದು ಕೆಳಗಿನ ಪೈಪು ಇಂಜಿನ್ನಿಗೆ ಸೇರುವ ಜಾಗ ಒಂದೇ. ಯಾರೂ ಕೈಹಾಕದ ಪೈಪು ಅಲ್ಲಿ ತಾನಾಗಿ ಕಟ್ಟಿಕೊಳ್ಳಲು ಸಾಧ್ಯವೇ ಇಲ್ಲ. ಅದಕ್ಕೇ ಅವಳು ಆ ಕಡೆ ಹೋಗಿರಲಿಲ್ಲ. ಈಗ ಬೇರೆ ದಾರಿಯಿಲ್ಲದೆ ಕ್ಲಿಪ್ ಸಡಿಲಿಸಿ, ಪೈಪು ಎಳೆದು, ಇಂಜಿನ್ನಿನ ಲೋಹದ ಬಾಯೊಳಗೆ ಬೆರಳು ಹಾಕಿದಳು. ಬೆರಳಿಗೆ ಮೆತ್ತಗೆ, ಜಾರುವಂಥದ್ದೇನೋ ತಾಗಿತು. ಹಿಡಿದು ಎಳೆದಳು. ಉದ್ದಕ್ಕೆ, ನೀರು ಸುರಿಸುತ್ತ, ಬಟ್ಟೆಯ ತುಂಡೊಂದು ಹೊರಗೆ ಬಂತು.

"ಯಾವ ಕತ್ತೆ..." ಅಂತ ಶುರುಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. ಅಂಗೈಯಗಲದ ಚೌಕ ಅದು, ಒಂದು ಮೂಲೆಗೆ ಗಂಟು ಹಾಕಿತ್ತು.

ಈ ಗಂಟು ಲೋಕದಲ್ಲಿ ಬೇರೆ ಯಾರೂ ಹಾಕುವುದಿಲ್ಲ. ಬಿಚ್ಚಿದ ಪೈಪಿನ ಬಾಯಿ ಖಾಲಿ ಬಿಡಬಾರದು, ತುಕ್ಕು, ಮಣ್ಣು ಒಳಗೆ ಬೀಳುತ್ತದೆ, ಬಟ್ಟೆ ತುರುಕಬೇಕು. ಬಟ್ಟೆಯ ಮೂಲೆಗೊಂದು ಗಂಟು. ಗಂಟು ಯಾವತ್ತೂ ಬಾಯಿಯ ಹೊರಗೆ, ಕಣ್ಣಿಗೆ ಹೊಡೆಯುವ ಹಾಗೆ ನೇತಾಡಬೇಕು, ಮರೆಯಬಾರದು ಅಂತ. ಇದು ಅಪ್ಪನ ಪಾಠ. ಅವಳು ಕಲಿಯುವಾಗ ಒಮ್ಮೆ ಗಂಟನ್ನೂ ಒಳಗೆ ತುರುಕಿ, ಅವನಿಂದ ಕತ್ತಿನ ಮೇಲೆ ಏಟು ತಿಂದಿದ್ದಳು. ವಿಡಿಯೋ ನೋಡಿ ಕೆಲಸ ಮಾಡುವ ಯಾವನೂ ಬಟ್ಟೆ ತುರುಕುವುದಿಲ್ಲ; ಆದ್ದರಿಂದ ಬಿಟ್ಟೂ ಬರುವುದಿಲ್ಲ. ಈ ತಪ್ಪು ಮಾಡಬೇಕಾದರೆ ಮೊದಲು ಒಳ್ಳೆಯ ಕೆಲಸಗಾರನಾಗಿರಬೇಕು. ಬಟ್ಟೆಯ ಮೇಲೆ ಹಸಿರಿನಲ್ಲಿ ಹಳದಿ ಹೂವಿತ್ತು. ಅಮ್ಮನ ಅಡುಗೆಮನೆ ಕಿಟಕಿಯ ಹಳೆಯ ಪರದೆ, ಇವಳೇ ತಂದುಕೊಟ್ಟದ್ದು.

ಸಂಜೆ ತಮ್ಮ ಬಂದ. ಅವಳು ಬಟ್ಟೆಯನ್ನು ಅವನ ಮುಖದ ಮುಂದೆ ಹಿಡಿದಳು.

"ಏನಿದು?"

"ಬಟ್ಟೆ."

"ಬಟ್ಟೆ ಅಂತ ನಂಗೂ ಕಾಣುತ್ತೆ. ಊರೋರ ಕಣ್ಣೆಲ್ಲ ನೋಡ್ತೀಯಲ್ಲ, ನಿನ್ನ ಕಣ್ಣಿಗೇನಾಗಿದೆ? ಅಪ್ಪ ತಾನೆ ಮಾಡಿದ್ದು?"

ತಮ್ಮ ಕನ್ನಡಕ ತೆಗೆದು ಒರೆಸತೊಡಗಿದ. "ಪೈಪಿನ ಹತ್ರ ಹನೀತಾ ಇತ್ತು. ಪೈಪು ಬಿಚ್ಚಿ ತುಕ್ಕು ಉಜ್ಜಿ ಹಾಕ್ತೀನಿ ಅಂದ. ಬೇಡ ಅನ್ನೋಕಾಗ್ಲಿಲ್ಲ. ನಿಂಗೆ ಹೇಳ್ಬೇಡ ಅಂತ ಅಮ್ಮ ಅಂದ್ಳು. ನೀನು ಬೈತೀಯ, ಅಪ್ಪ ನೊಂದ್ಕೋತಾನೆ ಅಂತ. ಹೆಂಗೂ ನೀನು ಸರಿ ಮಾಡ್ತೀಯ, ಹೇಳದಿದ್ರೂ ನಡೆಯುತ್ತೆ ಅಂದ್ಕೊಂಡ್ವಿ."

"ಅಂದ್ಕೊಂಡ್ರಾ! ಇಂಜಿನ್ ಬೆಂದು ಬೂದಿಯಾಗೋ ಗಾಡೀಲಿ ಆ ಮಕ್ಕಳನ್ನ ಕೂರಿಸ್ಕೊಂಡು ಓಡಾಡಿದ್ಯಲ್ಲೋ, ನಿನ್ನ ತಲೇಲಿ ಮಿದುಳಿದೆಯೋ ಇಲ್ಲ ಅಲ್ಲೂ ಬಟ್ಟೆ ತುರುಕಿದಾರೋ? ಎಷ್ಟು ದಿನದಿಂದ ಅಪ್ಪ ಹೀಗಿದಾನೆ?"

"ಹೋದ ವರ್ಷದಿಂದ. ಸ್ವಲ್ಪ ಸ್ವಲ್ಪ ಮರೀತಾನೆ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅನ್ನುತ್ತಾರೆ. ಹಿರಿಯರು ಹೇಳಿದ್ದು ಸರಿಯೇ ಇರಬಹುದು. ಅವಳು ಯೋಚಿಸಲಿಲ್ಲ. ಕೈ ಕೂಡ ತೊಳೆಯದೆ ಅದೇ ಗಾಡಿಗೆ ಹತ್ತಿ, ತಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡು ಅಪ್ಪನ ಮನೆಗೆ ಹೊರಟಳು. ದಾರಿಯುದ್ದಕ್ಕೂ ಮುಳ್ಳು ಕೆಳಗೇ ಇತ್ತು. ಬಿಸಿಯೆಲ್ಲ ಅವಳಲ್ಲಿತ್ತು.

ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ಮಗಳ ಕೈಯಲ್ಲಿದ್ದ ಬಟ್ಟೆ ನೋಡಿದವಳೇ ನಲ್ಲಿ ನಿಲ್ಲಿಸಿದಳು. "ಮೆಲ್ಲಗೆ ಮಾತಾಡೇ. ಶೆಡ್ಡಲ್ಲೇ ಇದಾರೆ, ಕೇಳಿಸುತ್ತೆ."

"ಕೇಳಿಸ್ಲಿ ಅಂತಾನೇ ಬಂದಿದೀನಿ. ಆರಾಮಾಗಿದಾರೆ ಅಂತಿದ್ಯಲ್ಲ, ಇದೇನಾ ಆರಾಮು?"

"ಏನ್ ಮಾಡ್ಲಿ ಹೇಳು? ಪಾತ್ರೇಲಿ ನೀರೇ ಇಲ್ದೆ ಒಲೆ ಹಚ್ತಾರೆ, ನಾನು ಹಿಂದೇನೇ ಹೋಗಿ ಆರಿಸ್ತೀನಿ. ಕೇಳಿದ್ರೆ ನಾನೇ ಮರೆತೆ ಅಂತೀನಿ. ಒಂದು ಗಾಡಿ ಕೆಲಸ ಮಾಡಿದ ದಿನ ನೆಟ್ಟಗೆ ಊಟ ಮಾಡ್ತಾರೆ ಕಣೇ. ನಿದ್ದೆ ಮಾಡ್ತಾರೆ. ಅದನ್ನೂ ಕಿತ್ಕೊಳ್ಲಾ?"

ಅಮ್ಮನ ಮಾತಿನಲ್ಲಿ ನಿಜವಿತ್ತು. ಅದೇ ಅವಳಿಗೆ ಇನ್ನಷ್ಟು ಉರಿ ಹತ್ತಿಸಿತು. ಒಬ್ಬರ ನಿದ್ದೆಗಾಗಿ ಬೀದಿಯವರ ಪ್ರಾಣ ಅಡ ಇಡುವುದು ಯಾವ ಸೀಮೆ ಪ್ರೀತಿ? ತಾನು ವಾರವಾರ ಇಲ್ಲಿ ಕೂತು ಟೀ ಕುಡಿದು ಹೋಗಿದ್ದಳು. ಮೂವರೂ ನಗುನಗುತ್ತ ಅವಳ ಕಣ್ಣಿಗೆ ಮಣ್ಣೆರಚಿದ್ದರು. ಇಲ್ಲ, ಮೂವರಲ್ಲ, ಇಬ್ಬರು. ಅಪ್ಪನ ಕಣ್ಣಿಗೂ ಅದೇ ಮಣ್ಣು.

ಅಪ್ಪ ಶೆಡ್ಡಿನಲ್ಲಿ ಸ್ಪ್ಯಾನರುಗಳನ್ನು ಒರೆಸಿ ಗಾತ್ರದ ಪ್ರಕಾರ ಜೋಡಿಸುತ್ತಿದ್ದ. ಮಗಳನ್ನು ನೋಡಿ ಮುಖ ಅರಳಿತು. "ಬಾ. ಅವನ ಗಾಡಿ ನೀರು ಸೋರ್ತಿತ್ತು, ನಿಲ್ಲಿಸಿದೀನಿ ನೋಡು."

ಅವಳು ಬಟ್ಟೆಯನ್ನು ಮೇಜಿನ ಮೇಲೆ, ಅವನು ಜೋಡಿಸಿದ ಸ್ಪ್ಯಾನರುಗಳ ಮೇಲೆಯೇ, ಪಚಕ್ಕನೆ ಹಾಕಿದಳು.

"ಯಾವ ಕತ್ತೆ ಮಾಡಿದ ಕೆಲಸ ಇದು?"

ಬಾಗಿಲಲ್ಲಿ ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಅಪ್ಪ ಬಟ್ಟೆ ಎತ್ತಿಕೊಂಡ. ತಿರುಗಿಸಿ ನೋಡಿದ. ಹೆಬ್ಬೆರಳಿನಿಂದ ಗಂಟು ಸವರಿದ.

"ಎಲ್ಲಿತ್ತು?"

"ಇಂಜಿನ್ ಬಾಯಲ್ಲಿ, ಗಂಟಿನ ಸಮೇತ. ಅದರ ಮೇಲೆ ಪೈಪು ಹಾಕಿ ಕ್ಲಿಪ್ ಬಿಗಿದಿದೀಯ. ಕಣ್ಣು ಎಲ್ಲಿಟ್ಟಿದ್ದೆ? ನಂಗೆ ಕತ್ತಿನ ಮೇಲೆ ಬಾರಿಸಿದ್ಯಲ್ಲ, ಈಗ ನಿನ್ನ ಕತ್ತಿಗೆ ಯಾರು ಬಾರಿಸ್ಬೇಕು? ನಿನ್ನ ಮೊಮ್ಮಕ್ಕಳು ಕೂತಿದ್ರು ಅದರಲ್ಲಿ! ಬೇರೆ ಯಾರಾದ್ರೂ ಇಂಥ ಕೆಲಸ ಮಾಡಿದ್ರೆ ಅವನನ್ನ ಗ್ಯಾರೇಜಿನ ಬಾಗಿಲಿಗೇ ಸೇರಿಸ್ತಿರಲಿಲ್ಲ ನೀನು."

"ಅಕ್ಕ, ಸಾಕು" ಅಂದ ತಮ್ಮ.

"ಹೋಗ್ಲಿ ಬಿಡಿ" ಅಂತ ಅಮ್ಮ ಗಂಡನ ಹತ್ತಿರ ಬಂದಳು. "ಒಂದು ಬಟ್ಟೆ ತಾನೆ. ಪರವಾಗಿಲ್ಲ."

ಅಪ್ಪ ತಲೆಯೆತ್ತಿದ. ಅವನ ಹಳೆಯ ಮುಖ ಆ ಮುಖದೊಳಗಿಂದ ಎದ್ದು ಬಂತು. "ಒಂದು ಬಟ್ಟೆ ತಾನೆ? ಒಂದು ಬಟ್ಟೆ ತಾನೆ ಅಂತೀಯಾ?" ಮೇಜಿಗೆ ಗುದ್ದಿದ. ಸ್ಪ್ಯಾನರುಗಳು ಹಾರಿಬಿದ್ದವು. "ಲೋಟ ಒಡೆದ್ರೂ ಪರವಾಗಿಲ್ಲ. ಬಾಗಿಲು ತೆಗೆದಿಟ್ಟು ಹೋದ್ರೂ ಪರವಾಗಿಲ್ಲ. ಏನ್ ಮಾಡಿದ್ರೂ ಪರವಾಗಿಲ್ಲ. ಈ ಮನೇಲಿ ನನ್ನ ಯಾರೂ ಬೈಯೋದೇ ಇಲ್ಲ. ಸತ್ತೋರನ್ನ ತಾನೆ ಯಾರೂ ಬೈಯೋದಿಲ್ಲ? ನಾನೇನು ಸತ್ತಿದೀನಾ?"

ಅವನು ಮಗಳ ಕಡೆ ತಿರುಗಿದ. ಕೋಪ ಹಾಗೇ ಇತ್ತು, ಆದರೆ ಅದರ ಹಿಂದೆ ಹೆದರಿಕೆಯೂ ಇತ್ತು, ಅದು ಅವಳಿಗೆ ಕಂಡಿತು. ಅಪ್ಪ ಹೆದರಿದ್ದನ್ನು ಅವಳು ನೋಡಿದ್ದೇ ಇಲ್ಲ. ಓಡಿಹೋಗಿ ಅಪ್ಪಿಕೊಳ್ಳಬೇಕು ಅನಿಸಿತು. ಆ ಮನೆಯಲ್ಲಿ ಅಂಥ ಅಭ್ಯಾಸ ಇರಲಿಲ್ಲ.

"ಏನೋ ಆಗ್ತಿದೆ ಅಂತ ನಂಗೆ ಅನ್ಸಿತ್ತು" ಅಂದ. "ಯಾರೂ ಹೇಳಲಿಲ್ಲ. ಹಾಗಾದ್ರೆ ಇಲ್ಲ ಅಂದ್ಕೊಂಡೆ." ಆಮೇಲೆ ಹೆಂಡತಿಗೆ, "ಇನ್ನೇನೇನು ಮಾಡಿದೀನಿ? ಹೇಳು. ಒಂದೂ ಬಿಡದೆ ಹೇಳು."

ಅಮ್ಮ ಮೊದಲು ತೊದಲಿದಳು, ಆಮೇಲೆ ಹೇಳಿದಳು. ಒಲೆ, ನಲ್ಲಿ, ಬಾಗಿಲು, ಒಂದು ಸಂಜೆ ಮನೆಗೆ ಬರುವ ದಾರಿ ಮರೆತು ಮೂಲೆಯ ಅಂಗಡಿಯಲ್ಲಿ ಕೂತಿದ್ದು. ಅವನು ನಿಂತೇ ಕೇಳಿದ. ನಡುವೆ ಒಮ್ಮೆ, "ಇಷ್ಟೆಲ್ಲ ಒಬ್ಬಳೇ ಮುಚ್ಕೊಂಡಿದ್ಯಾ, ಹುಚ್ಚಿ?" ಅಂದ. ಅದೂ ಬೈಗುಳವೇ. ಅಮ್ಮ ಅತ್ತಳು.

"ಒಂದು ಗಂಟು ಒಳಗೆ ಹೋಗಿದ್ರೆ ಇನ್ನೊಂದೂ ಹೋಗಿರುತ್ತೆ" ಅಂತ ಅಪ್ಪ ಚಪ್ಪಲಿ ಮೆಟ್ಟಿಕೊಂಡ. "ನಡಿ."

ಪಕ್ಕದ ಮನೆಯ ಟೈಲರ್ ಬಾಗಿಲು ತೆರೆದು, ಇಡೀ ಸಂಸಾರ ಸಾಲಾಗಿ ನಿಂತದ್ದು ನೋಡಿ ಗಾಬರಿಯಾದ.

"ನಿಮ್ಮ ಗಾಡಿ ಕ್ಲಚ್ ಕೇಬಲ್ ನಾನು ಹಾಕಿದ್ದು. ನಾಳೆ ಗ್ಯಾರೇಜಿಗೆ ತಂದು ಇವಳಿಗೆ ತೋರಿಸಿ."

"ಅಯ್ಯೋ, ಚೆನ್ನಾಗೇ ಓಡ್ತಿದೆ ಯಜಮಾನ್ರೇ. ನಿಮ್ಮ ಕೆಲಸ ಅಂದ್ರೆ ಮತ್ತೆ ನೋಡೋ ಹಾಗಿಲ್ಲ."

"ಚೆನ್ನಾಗಿ ಓಡ್ತಿದೆ ಅಂತ ನಂಗೆ ಹೇಳ್ಬೇಡಿ!" ಅಪ್ಪ ಕೂಗಿದ. "ನನ್ನ ಕೆಲಸ ನಂಬಬೇಡಿ. ಕೈ ಸರಿ ಇದೆ, ತಲೆ ಸರಿ ಇಲ್ಲ. ತಿಳೀತಾ?"

ಜೀವಮಾನದಲ್ಲಿ ತಪ್ಪು ಅಂತ ಒಂದು ಮಾತು ಆ ಬಾಯಿಂದ ಬಂದದ್ದನ್ನು ಅಕ್ಕ ಕೇಳಿರಲಿಲ್ಲ. ಸಿಟ್ಟು ಬಂತು, ಯಾರ ಮೇಲೆ ಅಂತ ತಿಳಿಯಲಿಲ್ಲ. ಟೈಲರ್ ತಲೆಯಾಡಿಸಿದ. ಎರಡು ಮನೆ ಆಚೆ ಸಂಗೀತದ ಮೇಡಂ. ಅವರ ಗಾಡಿಯ ದೀಪದ ವೈರು. ಅಲ್ಲೂ ಅದೇ ಮಾತು, ಅದೇ ಜೋರು. ಮೇಡಂ ಹೆದರಿ ಕೀಯನ್ನು ಅಲ್ಲೇ ಕೊಟ್ಟುಬಿಟ್ಟರು.

ಅಲ್ಲಿಂದ ಇಳಿದ ಅಪ್ಪ ಬೀದಿಯ ನಡುವೆ ನಿಂತ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ.

"ಇನ್ನೊಂದಿತ್ತು. ಬ್ರೇಕ್ ಕೆಲಸ."

ಅಕ್ಕ ಅವನ ಎದುರಿಗೆ ಬಂದು ನಿಂತಳು. "ಯಾರದು?"

"ಬಿಳಿ ಗಾಡಿ. ಚಕ್ರ ಬಿಚ್ಚಿದ್ದು ನೆನಪಿದೆ. ಬ್ರೇಕ್ ಪೈಪು ಬಿಚ್ಚಿ ಕೆಳಗಿಟ್ಟಿದ್ದು ನೆನಪಿದೆ. ಬಿಗಿದದ್ದು..." ಅವನು ತನ್ನ ಬೆರಳುಗಳನ್ನು ಗಾಳಿಯಲ್ಲಿ ತಿರುಗಿಸಿ ನೋಡಿದ, ಅವಕ್ಕಾದರೂ ನೆನಪಿದೆಯೋ ಅಂತ. "ಯಾರದದು? ನೀನು ಹೇಳು."

"ನಂಗೇನು ಗೊತ್ತು? ನಾನೆಲ್ಲಿದ್ದೆ?" ಅವಳು ಅಮ್ಮನನ್ನು ನೋಡಿದಳು. ಅಮ್ಮ ತಲೆ ಅಲ್ಲಾಡಿಸಿದಳು. ತಾನು ತಂಗಿಯ ಮನೆಗೆ ಹೋಗಿದ್ದ ದಿನ ಮಾಡಿರಬೇಕು ಅಂದಳು. ತಮ್ಮನಿಗೂ ಗೊತ್ತಿರಲಿಲ್ಲ.

ಕೆಲಸ ಮುಗಿಸಿ ಜನ ಮನೆಗೆ ಬರುವ ಹೊತ್ತು. ಬೀದಿಯ ಎರಡೂ ಬದಿಗೆ ಗಾಡಿಗಳು ಮೂತಿಗೆ ಬಾಲ ತಾಗಿಸಿ ನಿಂತಿದ್ದವು. ಬಿಳಿ, ಬೂದು, ಬಿಳಿ, ಕೆಂಪು, ಬಿಳಿ, ಬಿಳಿ. ಅಪ್ಪ ಒಂದೊಂದರ ಹತ್ತಿರ ಹೋಗಿ ಬಗ್ಗಿ ಚಕ್ರ ನೋಡುತ್ತಿದ್ದ, ಎದ್ದು ಮುಂದಿನದಕ್ಕೆ ಹೋಗುತ್ತಿದ್ದ, ಮತ್ತೆ ಮೊದಲಿನದಕ್ಕೇ ಬರುತ್ತಿದ್ದ. ಬೀದಿಯ ತುದಿಯಲ್ಲಿ, ಇಳಿಜಾರಿನ ಮೇಲೆ, ಒಂದು ಬಿಳಿ ಗಾಡಿ ಸ್ಟಾರ್ಟ್ ಆಯಿತು.

ಅಕ್ಕ ಬೀದಿಯ ನಡುವೆ ಕೈ ಅಗಲಿಸಿ ನಿಂತಳು. "ನಿಲ್ಸಿ! ಬಿಳಿ ಗಾಡಿಯೋರು ಯಾರೂ ಗಾಡಿ ತೆಗೀಬೇಡಿ! ಕೀ ತಗೊಂಡು ಎಲ್ರೂ ಕೆಳಗೆ ಬನ್ನಿ!"

ಆ ಗಾಡಿ ನಿಂತಿತು. ಮೇಲಿನ ಕಿಟಕಿಯೊಂದರಿಂದ ಒಬ್ಬ ತಲೆ ಹೊರಗೆ ಹಾಕಿ, "ಏನಮ್ಮ ಗಲಾಟೆ? ಮರ್ಯಾದಸ್ಥರು ಇರೋ ಬೀದಿ ಇದು!" ಅಂದ.

"ಅವಳಿಗೆ ಹೇಳ್ಬೇಡ, ನಂಗೆ ಹೇಳು!" ಅಪ್ಪ ಓಡುವ ಹಾಗೆ ಬಂದು ಮಗಳ ಪಕ್ಕ ನಿಂತ. "ತಪ್ಪು ನಂದು! ನಿಮ್ಮಲ್ಲಿ ಒಬ್ಬರ ಬ್ರೇಕ್ ನಾನು ಮಾಡಿದೀನಿ, ಯಾರದು ಅಂತ ಮರೆತೋಗಿದೆ! ಇಳಿದು ಬನ್ನಿ!"

ಒಂದೆರಡು ಕಿಟಕಿಗಳಲ್ಲಿ ದೀಪ ಹತ್ತಿತು. ಹೆಚ್ಚಿನವು ಹಾಗೇ ಇದ್ದವು. ಆಗ ಅಮ್ಮ, ವರ್ಷದಿಂದ ಪಿಸುಮಾತಿನಲ್ಲೇ ಬದುಕಿದವಳು, ಎದುರಿಗಿದ್ದ ಮೊದಲ ಬಾಗಿಲಿಗೆ ಹೋಗಿ ಎರಡೂ ಅಂಗೈಯಿಂದ ಬಡಿಯತೊಡಗಿದಳು.